ಹಳೆಯ ಟ್ರ್ಯಾಕ್ಟರ್‌ಗೆ ಹೊಸ ಸ್ಲೀವ್: ಅವಸರ ಮಾಡಿದರೆ ಎರಡು ಸಲ ಬಿಚ್ಚಬೇಕು



ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣ ಎಂದು ಬರೆಯುವ ಪಶುವೈದ್ಯಾಧಿಕಾರಿ ಈ ಸಲ ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿಕೊಂಡು ಕೂತಿದ್ದಾನಲ್ಲ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. "ಡಾಕ್ಟ್ರೇ, ಹಾಲು ಇಳಿದುಹೋಗಿದೆ, ಬಂದು ನೋಡಿ" ಎಂದು ಕರೆ ಬಂದ ಕೆಲವು ಮನೆಗಳಲ್ಲಿ ಹಸುವಿಗೆ ಜ್ವರವೂ ಇರಲಿಲ್ಲ, ಕೆಚ್ಚಲಲ್ಲಿ ಗಟ್ಟಿಯೂ ಇರಲಿಲ್ಲ. ರೋಗ ಇದ್ದದ್ದು ಅಂಗಳದಲ್ಲಿ ಬಿಚ್ಚಿ ಹಾಕಿದ್ದ ಟ್ರ್ಯಾಕ್ಟರ್‌ನಲ್ಲಿ.

ಲೆಕ್ಕ ಹಾಕಿ ನೋಡಿ. ಹಾಲು ಕೊಡುವ ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 25 ರಿಂದ 30 ಕಿಲೋ ಹಸಿ ಮೇವು ಬೇಕು. ಐದು ಹಸು ಇದ್ದರೆ 125 ರಿಂದ 150 ಕಿಲೋ. ಹೊಲದಿಂದ ಮೇವು ತರುವುದು, ಮೇವು ಕತ್ತರಿಸುವ ಯಂತ್ರ ತಿರುಗಿಸುವುದು, ಮುಸುಕಿನ ಜೋಳ ಕೊಯ್ದು ಸೈಲೇಜ್ ಗುಂಡಿ ತುಂಬಿ ತುಳಿಸುವುದು, ಗೊಬ್ಬರ ಸಾಗಿಸುವುದು, ಎಲ್ಲಕ್ಕೂ ಅದೇ ಹಳೆಯ ಟ್ರ್ಯಾಕ್ಟರ್. ಅದು ನಿಂತರೆ ಮೂರನೆಯ ದಿನ ಡೇರಿಯ ಅಳತೆಯಲ್ಲಿ ಗೊತ್ತಾಗುತ್ತದೆ.

ಹಳೆಯ ಎಂಜಿನ್‌ಗೆ ಹೊಸ ಸ್ಲೀವ್ ಹಾಕಿಸುವುದು ಒಳ್ಳೆಯ ಕೆಲಸ. ಹೊಸ ಟ್ರ್ಯಾಕ್ಟರ್ ಸಾಲಕ್ಕಿಂತ ಎಷ್ಟೋ ಮೇಲು. ಆದರೆ ಸ್ಲೀವ್ ಕೂರಿಸುವುದು ಸುತ್ತಿಗೆಯ ಬಲದ ಕೆಲಸವಲ್ಲ, ಶುಚಿ ಮತ್ತು ಅಳತೆಯ ಕೆಲಸ. ಈ ಮಾತನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮ ಮನೆಯಲ್ಲೇ ದಂಡ ಕಟ್ಟಿ ಕಲಿತದ್ದು.

ನಮ್ಮ ಮನೆಯಲ್ಲಿ ಆದದ್ದು

ನಮ್ಮ ತಂದೆಯವರ ಹತ್ತಿರ ಒಂದು ಎಚ್‌ಎಂಟಿ 2511 ಇದೆ. ಎರಡು ಸಿಲಿಂಡರ್, 25 ಅಶ್ವಶಕ್ತಿ. ಎಚ್‌ಎಂಟಿ ಸಂಸ್ಥೆ 1971ರಲ್ಲಿ ಚೆಕೊಸ್ಲೊವಾಕಿಯಾದ ಜೆಟಾರ್ ತಂತ್ರಜ್ಞಾನದಲ್ಲಿ ಟ್ರ್ಯಾಕ್ಟರ್ ತಯಾರಿಕೆ ಆರಂಭಿಸಿದ್ದು ಈ 25 ಅಶ್ವಶಕ್ತಿಯ ಗಾಡಿಯಿಂದಲೇ. ಆ ಟ್ರ್ಯಾಕ್ಟರ್ ಘಟಕ ಮುಚ್ಚಲು ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಆದರೂ ನಮ್ಮ ಹಳ್ಳಿಗಳಲ್ಲಿ ಈ ಗಾಡಿಗಳು ಇನ್ನೂ ಉಳುತ್ತಿವೆ, ಏಕೆಂದರೆ ಇವುಗಳ ಸ್ಲೀವ್ ಸವೆದರೆ ಹೊರಗೆ ಎಳೆದು ಹೊಸದು ಕೂರಿಸಬಹುದು. ಬ್ಲಾಕ್ ಹಾಗೇ ಉಳಿಯುತ್ತದೆ.

ಮೂರು ವರ್ಷದ ಹಿಂದೆ, ಸೆಪ್ಟೆಂಬರ್‌ನಲ್ಲಿ, ಗಾಡಿ ನೀಲಿ ಹೊಗೆ ಕಾರತೊಡಗಿತು. ನಮ್ಮೂರ ಮೆಕ್ಯಾನಿಕ್ ಬಂದು ನೋಡಿ ಎಂಜಿನ್ ಬೋರಿಗೆ ಬಂದಿದೆ ಎಂದರು. ಹೊಸ ಸ್ಲೀವ್, ಪಿಸ್ಟನ್, ರಿಂಗ್ ತಂದೆವು. ಹಳೆಯ ಸ್ಲೀವ್ ತೆಗೆದಾಗ ಬ್ಲಾಕಿನ ಸೀಟಿನ ಮೇಲೆ ಕಲ್ಲಿನಂತೆ ಉಪ್ಪು ಕಟ್ಟಿತ್ತು.

"ಇದನ್ನ ಉಜ್ಜಬೇಕು, ಅಳತೆ ನೋಡಬೇಕು. ನಾಳೆ ಸಂಜೆ ಆಗುತ್ತೆ ಯಜಮಾನ್ರೇ" ಎಂದರು ಮೆಕ್ಯಾನಿಕ್.

"ಇವತ್ತೇ ಮುಗಿಸಪ್ಪ. ನಾಳೆ ಜೋಳ ಕೊಯ್ಯೋಕೆ ಆಳು ಹೇಳಿದೀನಿ" ಎಂದರು ಅಪ್ಪ.

ರಜೆಗೆ ಬಂದಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ. ಜೋಳ ಹಾಲುಗಾಳು ದಾಟಿ ಗಟ್ಟಿಯಾಗುತ್ತಿತ್ತು, ಇನ್ನು ತಡವಾದರೆ ಸೈಲೇಜ್ ಕೆಡುತ್ತದೆ ಎಂದು ನನಗೂ ಅವಸರ. ನಾನೂ "ಹೌದು, ಇವತ್ತೇ ಮುಗಿಸಿ" ಎಂದೆ. ಮೆಕ್ಯಾನಿಕ್ ಸೀಟನ್ನು ಸ್ಕ್ರೂಡ್ರೈವರ್‌ನಿಂದ ಕೆರೆದು, ಬಟ್ಟೆಯಲ್ಲಿ ಒರೆಸಿ, ಮರದ ತುಂಡಿಟ್ಟು ಬಡಿದು ಸ್ಲೀವ್ ಕೂರಿಸಿದರು. ರಾತ್ರಿ ಎಂಟಕ್ಕೆ ಎಂಜಿನ್ ಸ್ಟಾರ್ಟ್ ಆಯಿತು. ಶಬ್ದ ಹೊಸ ಗಾಡಿಯಂತೆ ಇತ್ತು. ಎಲ್ಲರೂ ಕಾಫಿ ಕುಡಿದೆವು.

ಹನ್ನೊಂದನೆಯ ದಿನ ಅಪ್ಪ ಆಯಿಲ್ ಕಡ್ಡಿ ಎಳೆದು ನೋಡಿದರು. ಕಡ್ಡಿಯಲ್ಲಿ ಅಂಟಿದ್ದು ಆಯಿಲ್ ಅಲ್ಲ, ಹಾಲು ಹಾಕಿದ ಟೀ ಬಣ್ಣದ ಲೋಳೆ. ಆಮೇಲೆ ವಿಚಾರಿಸಿದರೆ, ಅದಕ್ಕೆ ನಾಲ್ಕು ದಿನ ಮೊದಲಿನಿಂದಲೂ ಅಪ್ಪ ಬೆಳಿಗ್ಗೆ ಬೆಳಿಗ್ಗೆ ರೇಡಿಯೇಟರ್‌ಗೆ ನೀರು ಸೇರಿಸುತ್ತಿದ್ದರಂತೆ. "ಬಿಸಿಲು ಜಾಸ್ತಿ, ಆರ್ತಾ ಇದೆ ಅಂದ್ಕೊಂಡೆ" ಎಂದರು. ನೀರು ಆರಿರಲಿಲ್ಲ. ಕೆಳಗೆ ಆಯಿಲ್ ಚೇಂಬರ್‌ಗೆ ಇಳಿದಿತ್ತು.

ಮತ್ತೆ ಬಿಚ್ಚಿದಾಗ ಕಂಡದ್ದು ಎರಡು ತಪ್ಪು. ಒಂದನೆಯದು, ಎರಡನೇ ಸ್ಲೀವಿನ ಕಾಲರ್ ಕೆಳಗೆ ಉಗುರಿನ ಚೂರಿನಷ್ಟು ಉಪ್ಪಿನ ಚಕ್ಕೆ ಸಿಕ್ಕಿ ಸ್ಲೀವ್ ಒಂದು ಬದಿಗೆ ವಾಲಿತ್ತು. ಎರಡನೆಯದು, ಬಡಿಯುವಾಗ ಕೆಳಗಿನ ರಬ್ಬರ್ ರಿಂಗ್ ಬ್ಲಾಕಿನ ಅಂಚಿಗೆ ತಾಗಿ ಸಿಪ್ಪೆ ಸುಲಿದಂತೆ ಕತ್ತರಿಸಿತ್ತು. ನೀರು ಬೆರೆತ ಆಯಿಲ್‌ನಲ್ಲಿ ಓಡಿ ಬೇರಿಂಗ್‌ಗಳು ಗೀರಿದ್ದವು. ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಪಟ್ಟಣಕ್ಕೆ ಹೋಯಿತು. ಹಾಫ್ ಎಂಜಿನ್ ಕೆಲಸ ಫುಲ್ ಎಂಜಿನ್ ಆಯಿತು. ಒಟ್ಟು ಹತ್ತೊಂಬತ್ತು ದಿನ ಗಾಡಿ ನಿಂತಿತು. ಕೊಯ್ಯದೆ ಉಳಿದ ಅರ್ಧ ಹೊಲದ ಜೋಳ ನಿಂತಲ್ಲೇ ಒಣಗಿತು. ದಿನಕ್ಕೆ 42 ಲೀಟರ್ ಡೇರಿಗೆ ಹಾಕುತ್ತಿದ್ದ ಮನೆ 31ಕ್ಕೆ ಇಳಿಯಿತು.

ಇದರಲ್ಲಿ ಮೆಕ್ಯಾನಿಕ್ ತಪ್ಪೆಷ್ಟು? ಅವರು ಒಂದು ದಿನ ಕೇಳಿದ್ದರು. ನಾವು ಕೊಡಲಿಲ್ಲ.

ಮೊದಲು ರೋಗ ಪತ್ತೆ ಮಾಡಿ

ಹೊಗೆ ಬಂದ ಕೂಡಲೇ ಸ್ಲೀವ್ ಹೋಗಿದೆ ಎಂದು ತೀರ್ಮಾನಿಸಬೇಡಿ. ಹಸು ಮೇವು ಬಿಟ್ಟರೆ ಅದಕ್ಕೆ ಹತ್ತು ಕಾರಣ ಇರುವಂತೆ ಇದಕ್ಕೂ ಇವೆ. ಕಪ್ಪು ಹೊಗೆ ಎಂದರೆ ಹೆಚ್ಚಿನ ಸಲ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು. ಏರ್ ಕ್ಲೀನರ್ ಅಥವಾ ನಾಝಲ್ ನೋಡಿಸಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬ್ರೀದರ್ ಪೈಪಿನಿಂದ ಬುಸುಬುಸು ಹೊಗೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಕಷ್ಟ, ಏರಿನಲ್ಲಿ ಬಲವಿಲ್ಲ, ವಾರಕ್ಕೊಮ್ಮೆ ಆಯಿಲ್ ಸೇರಿಸಬೇಕು, ಇವೆಲ್ಲ ಒಟ್ಟಿಗೆ ಬಂದರೆ ಸ್ಲೀವ್ ಮತ್ತು ರಿಂಗ್ ಮೇಲೆ ಅನುಮಾನ ಪಡಬಹುದು.

ಖಾತ್ರಿ ಮಾಡಿಕೊಳ್ಳಲು ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಒತ್ತಡ ಕಡಿಮೆ ಬಂದ ಸಿಲಿಂಡರ್‌ಗೆ ಸ್ವಲ್ಪವೇ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಒತ್ತಡ ಏರಿದರೆ ದೋಷ ರಿಂಗ್ ಅಥವಾ ಸ್ಲೀವಿನದು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಹೆಡ್ ತೆಗೆದ ಮೇಲೆ ಸ್ಲೀವಿನ ಮೇಲಿನ ತುದಿಯಲ್ಲಿ ಬೆರಳಾಡಿಸಿ. ಉಗುರಿಗೆ ತಾಗುವಂತೆ ಮೆಟ್ಟಿಲು ಸಿಕ್ಕರೆ ಅದು ಸವೆತ. ಸ್ಲೀವ್ ಅತಿ ಹೆಚ್ಚು ಸವೆಯುವುದು ಮೇಲಿನ ರಿಂಗ್ ಬಂದು ನಿಲ್ಲುವ ಜಾಗದಲ್ಲಿ. ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಉದ್ದಕ್ಕೂ ಅಡ್ಡಕ್ಕೂ ಅಳೆಯಲು ಹೇಳಿ. ಆರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬದಲಿಸಬೇಕೋ ಬೇಡವೋ ಎಂದು ಆ ಚೀಟಿ ಹೇಳುತ್ತದೆ.

ನಿಮ್ಮ ಗಾಡಿಯದು ಯಾವ ಸ್ಲೀವ್?

ಸ್ಲೀವ್‌ನಲ್ಲಿ ಎರಡು ಜಾತಿ. ವೆಟ್ ಸ್ಲೀವ್ ಎಂದರೆ ಅದರ ಹೊರಮೈಗೆ ತಂಪು ಮಾಡುವ ನೀರು ನೇರವಾಗಿ ತಾಗುತ್ತದೆ. ಮೇಲೆ ಕಾಲರ್ ಬ್ಲಾಕಿನ ಸೀಟಿನಲ್ಲಿ ಕೂರುತ್ತದೆ, ಕೆಳಗೆ ರಬ್ಬರ್ ರಿಂಗ್‌ಗಳು ನೀರನ್ನು ಆಯಿಲ್‌ಗೆ ಇಳಿಯದಂತೆ ತಡೆಯುತ್ತವೆ. ನಮ್ಮ 2511 ಈ ಜಾತಿ. ಇದನ್ನು ಪುಲ್ಲರ್ ಇದ್ದರೆ ಮನೆಯಂಗಳದಲ್ಲೇ ಬದಲಿಸಬಹುದು.

ಡ್ರೈ ಸ್ಲೀವ್ ಎಂದರೆ ತೆಳು ಕೊಳವೆ. ಅದರ ಇಡೀ ಮೈ ಬ್ಲಾಕಿನ ಬೋರಿಗೆ ಅಂಟಿಕೊಂಡಿರುತ್ತದೆ, ನೀರು ಮುಟ್ಟುವುದಿಲ್ಲ. ಪರ್ಕಿನ್ಸ್ ಮಾದರಿಯ ಮೂರು ಸಿಲಿಂಡರ್ ಎಂಜಿನ್ ಇರುವ ಹಳೆಯ ಮ್ಯಾಸಿ ಗಾಡಿಗಳಲ್ಲಿ ಇದನ್ನು ನೋಡಿರುತ್ತೀರಿ. ಬಿಗಿಯಾಗಿ ಒತ್ತಿ ಕೂರಿಸುವ ಡ್ರೈ ಸ್ಲೀವ್ ಆದರೆ ಬ್ಲಾಕನ್ನು ಬಿಚ್ಚಿ, ಪ್ರೆಸ್ ಮತ್ತು ಬೋರಿಂಗ್ ಮಿಷನ್ ಇರುವ ವರ್ಕ್‌ಶಾಪ್‌ಗೆ ಒಯ್ಯುವುದೇ ಸರಿ. ಒತ್ತಿದ ಮೇಲೆ ಅಂತಿಮ ಅಳತೆಗೆ ಬೋರ್ ಮಾಡಿ ಹೋನಿಂಗ್ ಮಾಡಬೇಕಾಗುವುದು ಹೆಚ್ಚು. ಅಂಗಳದಲ್ಲಿ ಸುತ್ತಿಗೆಯಿಂದ ಬಡಿದರೆ ತೆಳು ಕೊಳವೆ ಬಿರುಕು ಬಿಡುತ್ತದೆ.

ಬಿಡಿಭಾಗ ಕೊಳ್ಳುವಾಗ ಗಾಡಿಯ ಮಾದರಿ ಮಾತ್ರ ಹೇಳಬೇಡಿ. ಎಂಜಿನ್ ನಂಬರ್ ಬರೆದುಕೊಂಡು, ಹಳೆಯ ಸ್ಲೀವ್ ಒಂದನ್ನು ಕೈಯಲ್ಲೇ ಹಿಡಿದು ಹೋಗಿ. ಕಾಲರ್‌ನ ದಪ್ಪ, ಹೊರ ವ್ಯಾಸ, ಒಟ್ಟು ಉದ್ದ, ರಬ್ಬರ್ ರಿಂಗಿನ ಗಾಡಿಗಳು ಎಷ್ಟು ಎಂದು ಅಂಗಡಿಯಲ್ಲೇ ಪಕ್ಕಪಕ್ಕ ಇಟ್ಟು ನೋಡಿ. ಸ್ಲೀವ್, ಪಿಸ್ಟನ್, ರಿಂಗ್ ಒಂದೇ ಸೆಟ್ ಆಗಿರಲಿ.

ತೆಗೆಯುವಾಗ ಗಮನ

ನೀರು ಮತ್ತು ಆಯಿಲ್ ಪೂರ್ತಿ ಇಳಿಸಿ. ಗಾಡಿಯ ಕೆಳಗೆ ಜಾಕ್ ಒಂದನ್ನೇ ನಂಬಬೇಡಿ. ಗಟ್ಟಿ ಮರದ ದಿಮ್ಮಿ ಅಥವಾ ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಅಡ್ಡ ಇಟ್ಟೇ ಕೆಳಗೆ ಹೋಗಲು ಬಿಡಿ. ಮೊದಲನೇ ಸಿಲಿಂಡರಿನ ಪಿಸ್ಟನ್, ರಾಡ್, ಬೇರಿಂಗ್ ಕ್ಯಾಪ್ ಎಲ್ಲಕ್ಕೂ ಒಂದು ಎಂದು ಗುರುತು, ಎರಡನೆಯದಕ್ಕೆ ಎರಡು. ಕ್ಯಾಪ್‌ಗಳು ಅದಲುಬದಲಾಗಬಾರದು, ತಿರುವುಮುರುವೂ ಆಗಬಾರದು.

ತೆಗೆದ ಹಳೆಯ ಸ್ಲೀವನ್ನು ಗುಜರಿಗೆ ಎಸೆಯುವ ಮೊದಲು ಅದರ ಹೊರಮೈ ನೋಡಿ. ಒಂದು ಬದಿಯಲ್ಲಿ ಸೂಜಿ ಚುಚ್ಚಿದಂತೆ ಸಾಲು ಗುಳಿಗಳು ಇದ್ದರೆ, ಎಂಜಿನ್ ನಡುಕಕ್ಕೆ ನೀರಿನಲ್ಲಿ ಹುಟ್ಟುವ ಗುಳ್ಳೆಗಳು ಒಡೆದು ಒಡೆದು ಕಬ್ಬಿಣವನ್ನು ತಿಂದಿವೆ ಎಂದು ಅರ್ಥ. ಬಿಟ್ಟರೆ ತೂತು ಬಿದ್ದು ನೀರು ಪಿಸ್ಟನ್ ಮೇಲೆ ಬರುತ್ತದೆ. ಬಿಳಿ ಕಲ್ಲಿನಂತೆ ಪದರ ಕಟ್ಟಿದ್ದರೆ ಅದು ನಮ್ಮ ಕೊಳವೆಬಾವಿಯ ಗಡಸು ನೀರಿನ ಉಪ್ಪು. ಈ ಪದರ ಕಂಬಳಿಯ ಹಾಗೆ, ಒಳಗಿನ ಶಾಖವನ್ನು ನೀರಿಗೆ ಬಿಡುವುದಿಲ್ಲ. ಹೊಸ ಸ್ಲೀವ್ ಹಾಕಿದ ಮೇಲೆ ಮತ್ತೆ ಅದೇ ಕೊಳವೆಬಾವಿ ನೀರು ತುಂಬಬೇಡಿ. ಸಿದ್ಧ ಕೂಲೆಂಟ್ ಅಥವಾ ಡಿಸ್ಟಿಲ್ಡ್ ನೀರಿಗೆ ಬೆರೆಸಿದ ಕೂಲೆಂಟ್ ಹಾಕಿ.

ಸೀಟೇ ಅಡಿಪಾಯ

ನಮ್ಮ ಮನೆಯಲ್ಲಿ ತಪ್ಪಿದ್ದು ಈ ಹಂತದಲ್ಲಿ. ಕಾಲರ್ ಕೂರುವ ಸೀಟು ಮತ್ತು ರಬ್ಬರ್ ರಿಂಗ್ ಕೂರುವ ಕೆಳಗಿನ ಜಾಗ, ಎರಡೂ ಬರಿ ಲೋಹ ಕಾಣುವವರೆಗೆ ಶುಚಿಯಾಗಬೇಕು. ಉಜ್ಜಬೇಕು, ಆದರೆ ಲೋಹ ಕೆರೆದು ಗೀರು ಮಾಡಬಾರದು. ನೀರು ಓಡುವ ಸಂದಿನಲ್ಲಿ ಕೂತ ಕೆಸರನ್ನು ಕೆದಕಿ ತೊಳೆದು ತೆಗೆಯಬೇಕು. ಕೆಳಗಿನ ಜಾಗದ ಅಂಚಿನಲ್ಲಿ ಚೂಪು ಇದ್ದರೆ ನುಣುಪು ಮಾಡಬೇಕು, ಇಲ್ಲದಿದ್ದರೆ ಅದೇ ರಬ್ಬರ್ ರಿಂಗ್ ಕತ್ತರಿಸುವ ಚಾಕು. ಅಲ್ಲಿ ತುಕ್ಕು ತಿಂದ ಆಳ ಗುಳಿ ಇದ್ದರೆ ಹೊಸ ರಿಂಗ್ ಹಾಕಿದರೂ ನೀರು ನಿಲ್ಲುವುದಿಲ್ಲ, ಬ್ಲಾಕನ್ನು ವರ್ಕ್‌ಶಾಪ್‌ಗೆ ತೋರಿಸಲೇಬೇಕು.

ಆಮೇಲೆ ಒಣ ಪರೀಕ್ಷೆ. ರಬ್ಬರ್ ರಿಂಗ್ ಹಾಕದೆ ಬರಿ ಸ್ಲೀವನ್ನು ಇಳಿಸಿ. ವೆಟ್ ಸ್ಲೀವ್ ತನ್ನ ಭಾರಕ್ಕೆ ಇಳಿದು ಕೂರಬೇಕು, ಕೈಯಲ್ಲಿ ತಿರುಗಿಸಿದರೆ ತಿರುಗಬೇಕು. ಸಿಕ್ಕಿಕೊಂಡರೆ ಎಲ್ಲೋ ಕೊಳೆ ಉಳಿದಿದೆ.

ಈಗ ಅತಿ ಮುಖ್ಯವಾದ ಅಳತೆ. ಕೂತ ಸ್ಲೀವಿನ ಕಾಲರ್ ಬ್ಲಾಕಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಲ್ಲಬೇಕು. ಆಗ ಮಾತ್ರ ಹೆಡ್ ಬಿಗಿ ಮಾಡಿದಾಗ ಗ್ಯಾಸ್ಕೆಟ್ ಅದನ್ನು ಒತ್ತಿ ಹಿಡಿಯುತ್ತದೆ. ಎಷ್ಟು ಎಂಬುದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆ, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಮಾತು ಇರುವುದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ. ಒಂದು ನೋಟ್‌ಬುಕ್ ಹಾಳೆಯ ದಪ್ಪ ಹೆಚ್ಚುಕಡಿಮೆ 0.1 ಮಿ.ಮೀ. ಎಂದು ನೆನೆದರೆ ಇದು ಎಷ್ಟು ಸೂಕ್ಷ್ಮ ಎಂದು ತಿಳಿಯುತ್ತದೆ. ಕಣ್ಣಂದಾಜು ಸಾಲದು, ಡಯಲ್ ಗೇಜ್ ಅಥವಾ ನೇರ ಉಕ್ಕಿನ ಪಟ್ಟಿ ಮತ್ತು ಫೀಲರ್ ಗೇಜ್ ಬೇಕು.

ಪ್ರತಿ ಸ್ಲೀವಿಗೂ ನಾಲ್ಕು ದಿಕ್ಕಿನಲ್ಲಿ ಅಳೆಯಿರಿ. ನಾಲ್ಕೂ ಕಡೆ ಒಂದೇ ಅಳತೆ ಬರದಿದ್ದರೆ ಸ್ಲೀವ್ ವಾಲಿದೆ. ತೆಗೆದು ಮತ್ತೆ ಶುಚಿ ಮಾಡಿ. ಎರಡು ಸ್ಲೀವಿನ ನಡುವೆ ವ್ಯತ್ಯಾಸ ಹೆಚ್ಚಿದ್ದರೆ ಒಂದು ಗ್ಯಾಸ್ಕೆಟ್ ಎರಡನ್ನೂ ಸಮನಾಗಿ ಹಿಡಿಯದು. ಕಡಿಮೆ ಇದ್ದರೆ ಕಾಲರ್ ಕೆಳಗೆ ಅದಕ್ಕೆಂದೇ ಬರುವ ಶಿಮ್ ಹಾಕುತ್ತಾರೆ. ಬಿಯರ್ ಡಬ್ಬಿಯ ತಗಡು, ಬೀಡಿ ಕಟ್ಟಿನ ಕಾಗದ ಶಿಮ್ ಅಲ್ಲ. ಹೆಚ್ಚು ಇದ್ದರೆ ಬಿಗಿ ಮಾಡುವಾಗ ಕಾಲರೇ ಮುರಿಯಬಹುದು.

ರಬ್ಬರ್ ರಿಂಗ್ ಮತ್ತು ಬಿಳಿ ಬಟ್ಟೆ

ಅಳತೆ ಸರಿ ಬಂದ ಮೇಲೆ ಸ್ಲೀವ್ ಹೊರತೆಗೆದು ಬಿಸಿ ನೀರು, ಸೋಪಿನ ಪುಡಿ, ಗಟ್ಟಿ ಬ್ರಶ್‌ನಿಂದ ಒಳಗೋಡೆ ತೊಳೆಯಿರಿ. ಹೋನಿಂಗ್ ಮಾಡಿದ ಸ್ಲೀವಿನ ಸೂಕ್ಷ್ಮ ಗೆರೆಗಳಲ್ಲಿ ಮರಳಿನ ಪುಡಿ ಕೂತಿರುತ್ತದೆ. ಡೀಸೆಲ್‌ನಲ್ಲಿ ತೊಳೆದರೆ ಅದು ಪೂರ್ತಿ ಬರುವುದಿಲ್ಲ. ತೊಳೆದು ಒರೆಸಿದ ಮೇಲೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ. ಬಟ್ಟೆ ಬೂದು ಬಣ್ಣವಾದರೆ ಇನ್ನೊಮ್ಮೆ ತೊಳೆಯಿರಿ. ಹಾಲು ಕರೆಯುವ ಮೊದಲು ಕೆಚ್ಚಲು ಒರೆಸುವ ನಿಮಗೆ ಈ ಪರೀಕ್ಷೆ ಹೊಸದಲ್ಲ. ಬಿಳಿಯಾಗಿಯೇ ಉಳಿದ ಕೂಡಲೇ ತುಕ್ಕು ಹಿಡಿಯದಂತೆ ಹೊಸ ಎಂಜಿನ್ ಆಯಿಲ್ ಸವರಿ.

ರಬ್ಬರ್ ರಿಂಗನ್ನು ಗಾಡಿಯಲ್ಲಿ ಕೂರಿಸಿದ ಮೇಲೆ ತಿರುಚಿಕೊಂಡಿಲ್ಲ ಎಂದು ಬೆರಳಾಡಿಸಿ ನೋಡಿ. ಅದಕ್ಕೆ ಏನು ಸವರಬೇಕು ಎಂಬುದು ರಬ್ಬರಿನ ಜಾತಿಯ ಮೇಲೆ ಹೋಗುತ್ತದೆ. ಕೆಲವು ಜಾತಿಯ ರಬ್ಬರ್ ಆಯಿಲ್ ತಾಗಿದರೆ ಉಬ್ಬುತ್ತದೆ. ಪ್ಯಾಕೆಟ್ ಮೇಲೆ ಬರೆದಂತೆ ಮಾಡಿ, ಏನೂ ಬರೆದಿಲ್ಲವಾದರೆ ಸೋಪಿನ ನೀರು ಕ್ಷೇಮ. ಎರಡೂ ಅಂಗೈಯಿಂದ ಸಮನಾಗಿ ಒತ್ತಿದರೆ ಸ್ಲೀವ್ ಕೂರಬೇಕು. ಕೂರದಿದ್ದರೆ ಬಡಿಯಬೇಡಿ, ತೆಗೆದು ರಿಂಗ್ ನೋಡಿ. ಕೂತ ಮೇಲೆ ಪಟ್ಟಿ ಮತ್ತು ಬೋಲ್ಟಿನಿಂದ ಹಿಡಿದಿಡಿ, ಕ್ರ್ಯಾಂಕ್ ತಿರುಗಿಸುವಾಗ ಮೇಲೆ ಏಳಬಾರದು. ರಿಂಗ್ ಇರುವ ಮಟ್ಟದಲ್ಲಿ ಬೋರ್ ಗೇಜ್ ಇಟ್ಟು ಇನ್ನೊಮ್ಮೆ ಅಳೆಯಿರಿ. ರಿಂಗ್ ಉಬ್ಬಿ ಒತ್ತಿದ್ದರೆ ಸ್ಲೀವ್ ಆ ಜಾಗದಲ್ಲಿ ಕಿರಿದಾಗಿರುತ್ತದೆ, ಪಿಸ್ಟನ್ ಅಲ್ಲೇ ಹಿಡಿಯುತ್ತದೆ.

ಪಿಸ್ಟನ್ ರಿಂಗ್‌ನ ಸಂದು

ಪ್ರತಿ ಪಿಸ್ಟನ್ ರಿಂಗನ್ನೂ ಒಂದೊಂದಾಗಿ ಸ್ಲೀವಿನೊಳಗೆ ಇಟ್ಟು, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಸಾಮಾನ್ಯ ಲೆಕ್ಕ ಎಂದರೆ ಪ್ರತಿ 25 ಮಿ.ಮೀ. ಬೋರಿಗೆ ಕನಿಷ್ಠ ಸುಮಾರು 0.1 ಮಿ.ಮೀ. 2511ರ ಬೋರ್ 95 ಮಿ.ಮೀ., ಹಾಗಾಗಿ ಸುಮಾರು 0.4 ಮಿ.ಮೀ. ಇಲ್ಲೂ ಕೊನೆಯ ಮಾತು ಸರ್ವಿಸ್ ಪುಸ್ತಕದ್ದೇ. ಸಂದು ತೀರಾ ಕಡಿಮೆ ಇದ್ದರೆ ಬಿಸಿಗೆ ರಿಂಗ್ ಹಿಗ್ಗಿ ತುದಿಗಳು ಡಿಕ್ಕಿ ಹೊಡೆದು ಹೊಸ ಸ್ಲೀವನ್ನೇ ಗೀರುತ್ತವೆ. ರಿಂಗ್ ಮೇಲೆ ಗುರುತು ಇರುವ ಬದಿ ಮೇಲಕ್ಕೆ ಬರಲಿ. ಎಲ್ಲ ರಿಂಗ್‌ಗಳ ಸಂದು ಒಂದರ ಕೆಳಗೆ ಒಂದು ಬಾರದಂತೆ ಸುತ್ತ ಹಂಚಿ ಕೂರಿಸಲಿ.

ನೀರು ತುಂಬಿ ಒಂದು ರಾತ್ರಿ ಬಿಡಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಹೆಡ್ ಕೂರಿಸಿ, ಟಾರ್ಕ್ ರೆಂಚ್‌ನಿಂದ ಪುಸ್ತಕ ಹೇಳಿದ ಕ್ರಮದಲ್ಲಿ ಬಿಗಿ ಮಾಡಿದ ಮೇಲೆ, ಕೆಳಗಿನ ಚೇಂಬರ್ ಮುಚ್ಚುವ ಮೊದಲು, ನೀರು ತುಂಬಿ. ಎಂಜಿನ್ ಕೆಳಗೆ ಒಣ ದಿನಪತ್ರಿಕೆ ಹಾಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಪತ್ರಿಕೆ ಒಣಗಿದ್ದು, ಟಾರ್ಚ್ ಹಾಕಿ ನೋಡಿದಾಗ ಸ್ಲೀವಿನ ಬುಡಗಳು ಒಣಗಿದ್ದರೆ ಚೇಂಬರ್ ಮುಚ್ಚಿ. ಒಂದು ಹನಿ ಇದ್ದರೂ ಆ ಸ್ಲೀವ್ ಮತ್ತೆ ಹೊರಬರಬೇಕು. ಎರಡನೇ ಸಲ ನಾವು ಹೀಗೇ ಮಾಡಿದೆವು. ಆ ರಾತ್ರಿ ಅಪ್ಪ ಮೂರು ಸಲ ಎದ್ದು ಟಾರ್ಚ್ ಹಿಡಿದು ಹೋಗಿ ನೋಡಿ ಬಂದರು.

ಮುಂದೆ ಎಂದಾದರೂ ಆಯಿಲ್ ಕಡ್ಡಿಯಲ್ಲಿ ಬಿಳಿ ಲೋಳೆ ಕಂಡರೆ, "ಸ್ಟಾರ್ಟ್ ಮಾಡಿ ನೋಡೋಣ" ಎನ್ನಬೇಡಿ. ಹಾಲಿನಲ್ಲಿ ನೀರಿನೊಳಗೆ ಕೊಬ್ಬಿನ ಕಣ ತೇಲುತ್ತದೆ, ಅದು ಅಮೃತ. ಇಲ್ಲಿ ಎಣ್ಣೆಯೊಳಗೆ ನೀರಿನ ಕಣ, ಬೇರಿಂಗ್‌ಗೆ ಅದು ವಿಷ. ಪಿಸ್ಟನ್ ಮೇಲೆ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗುವುದೂ ಉಂಟು.

ಮೊದಲ 50 ಗಂಟೆ

ಸ್ಟಾರ್ಟ್ ಆದ ಕೂಡಲೇ ಆಯಿಲ್ ಪ್ರೆಶರ್ ನೋಡಿ. ಹೊಸ ಎಂಜಿನ್ ಎಂದು ಗಂಟೆಗಟ್ಟಲೆ ಸುಮ್ಮನೆ ನಿಧಾನವಾಗಿ ಓಡಿಸಬೇಡಿ, ರಿಂಗ್‌ಗಳು ಸ್ಲೀವಿಗೆ ಹೊಂದಿಕೊಳ್ಳಲು ಸ್ವಲ್ಪ ಹೊರೆ ಬೇಕು. ಹಾಗೆಂದು ಮೊದಲ ದಿನವೇ ರೋಟವೇಟರ್ ಕಟ್ಟಬೇಡಿ. ಖಾಲಿ ಟ್ರೈಲರ್, ಹಗುರ ಮೇವಿನ ಹೊರೆ, ಆಮೇಲೆ ಮೇವು ಕತ್ತರಿಸುವ ಯಂತ್ರ ಹೀಗೆ ಏರಿಸುತ್ತ ಹೋಗಿ. ಪ್ರತಿದಿನ ಬೆಳಿಗ್ಗೆ ನೀರು ಮತ್ತು ಆಯಿಲ್ ಮಟ್ಟ ಕ್ಯಾಲೆಂಡರ್ ಮೇಲೆ ಬರೆಯಿರಿ. ನಮ್ಮ ಅಪ್ಪ ಮೊದಲನೇ ದಿನದಿಂದಲೇ ಬರೆದಿದ್ದರೆ ನೀರು ಇಳಿಯುತ್ತಿದ್ದದ್ದು ಹಿಂದೆಯೇ ತಿಳಿಯುತ್ತಿತ್ತು. ಸುಮಾರು 50 ಗಂಟೆಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಹೆಡ್ ಬೋಲ್ಟ್ ಮರುಬಿಗಿ ಮಾಡಬೇಕೆಂದು ಪುಸ್ತಕ ಹೇಳಿದ್ದರೆ ಅದನ್ನೂ ತಪ್ಪಿಸಬೇಡಿ.

ಕೊಟ್ಟಿಗೆ ಪಕ್ಕದಲ್ಲಿ ಎಂಜಿನ್ ಬಿಚ್ಚುವಾಗ

ಇದು ಪಶುವೈದ್ಯನಾಗಿ ನನ್ನ ಮಾತು. ದನಗಳಿಗೆ ನೆಕ್ಕುವ ಸ್ವಭಾವ, ಅದರಲ್ಲೂ ಖನಿಜ ಮಿಶ್ರಣ ಕೊಡದ ಮನೆಗಳಲ್ಲಿ ಹೆಚ್ಚು. ಎಂಜಿನ್ ಕೆಲಸದ ದಿನ ಹೊರಗಿಟ್ಟ ಹಳೆಯ ಬ್ಯಾಟರಿಯನ್ನು ನೆಕ್ಕಿದ ಐದು ತಿಂಗಳ ಕರುವೊಂದನ್ನು ನಾನು ನೋಡಿದ್ದೇನೆ. ಕಣ್ಣು ಕಾಣದೆ ಗೋಡೆಗೆ ತಲೆ ಒತ್ತಿ ನಿಂತಿತ್ತು, ಹಲ್ಲು ಕಡಿಯುತ್ತಿತ್ತು, ಬಾಯಲ್ಲಿ ನೊರೆ. ಮನೆಯವರು ಹುಚ್ಚುನಾಯಿ ಕಚ್ಚಿದೆ ಎಂದುಕೊಂಡು ಒಂದು ದಿನ ಕಳೆದಿದ್ದರು. ಅದು ಸೀಸದ ವಿಷ. ಚಿಕಿತ್ಸೆ ಕೊಟ್ಟರೂ ಎರಡು ದಿನದಲ್ಲಿ ಹೋಯಿತು.

ಆದ್ದರಿಂದ ಬ್ಯಾಟರಿಯನ್ನು ಮೊದಲು ಬಿಚ್ಚಿ ದನಗಳಿಗೆ ಸಿಗದ ಕಡೆ ಎತ್ತಿಡಿ. ಇಳಿಸಿದ ಆಯಿಲನ್ನು ಮುಚ್ಚಳ ಇರುವ ಡಬ್ಬಿಗೆ ತುಂಬಿ, ಬಾಂದಿನ ಮೇಲೆ ಅಥವಾ ಮೇವಿನ ಕಡೆ ಚೆಲ್ಲಬೇಡಿ. ಹಸುವಿನ ಗಾಯಕ್ಕೆ, ಉಣ್ಣೆಗೆ ಹಳೇ ಆಯಿಲ್ ಸವರುವ ಪದ್ಧತಿ ಬಿಟ್ಟುಬಿಡಿ, ಅದನ್ನು ಅವು ನೆಕ್ಕುತ್ತವೆ. ಕೂಲೆಂಟ್‌ಗೆ ಸಿಹಿ ರುಚಿ ಇರುತ್ತದೆ. ನಾಯಿ, ಕರುಗಳಿಗೆ ಅದು ಮೂತ್ರಪಿಂಡ ಕೆಡಿಸುವ ವಿಷ. ನೆಲದಲ್ಲಿ ಚೆಲ್ಲಿದ್ದರೆ ಮಣ್ಣು ಹಾಕಿ ತೆಗೆದು ನೀರು ಬಿಟ್ಟು ತೊಳೆಯಿರಿ. ಮುರಿದ ರಿಂಗ್ ಚೂರು, ಸ್ಪ್ಲಿಟ್ ಪಿನ್, ತಂತಿ ಎಲ್ಲವನ್ನೂ ಒಂದು ತಟ್ಟೆಗೆ ಹಾಕಿಸಿ, ಸಂಜೆ ಮ್ಯಾಗ್ನೆಟ್ ಹಿಡಿದು ನೆಲ ಗುಡಿಸಿ. ಮೇವಿನ ಜೊತೆ ಹೊಟ್ಟೆಗೆ ಹೋದ ಚೂಪು ಕಬ್ಬಿಣ ಎರಡನೇ ಹೊಟ್ಟೆಯ ಗೋಡೆ ತೂರಿ ಹೃದಯದವರೆಗೂ ಹೋಗುತ್ತದೆ. ದನ ಏನಾದರೂ ನೆಕ್ಕಿದ ಅನುಮಾನ ಇದ್ದರೆ ತಕ್ಷಣ ಕರೆ ಮಾಡಿ, ಏನು ನೆಕ್ಕಿತು ಎಂದು ಹೇಳಿ. ನಾವು ಹೇಳುವವರೆಗೆ ಆ ಹಸುವಿನ ಹಾಲನ್ನು ಡೇರಿಗೂ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ.

ದಿನ ಗೊತ್ತು ಮಾಡುವ ಮುನ್ನ

ಗಾಡಿ ಬಿಚ್ಚುವ ದಿನವನ್ನು ಮೆಕ್ಯಾನಿಕ್ ಬಿಡುವು ನೋಡಿ ಮಾತ್ರ ಇಡಬೇಡಿ, ನಿಮ್ಮ ಮೇವಿನ ಲೆಕ್ಕ ನೋಡಿ ಇಡಿ. ಕನಿಷ್ಠ ಹತ್ತು ದಿನದ ಮೇವು ಮನೆಯಲ್ಲಿರಲಿ. ಸೈಲೇಜ್ ಕೊಯ್ಲಿಗೆ ಒಂದು ತಿಂಗಳು ಮೊದಲೇ ಕೆಲಸ ಮುಗಿಯಲಿ. ಅಷ್ಟು ಕಾಯುವ ಸ್ಥಿತಿ ಇಲ್ಲದಿದ್ದರೆ ಪಕ್ಕದವರ ಗಾಡಿಯನ್ನು ಕೊಯ್ಲಿಗೆ ಬಾಡಿಗೆಗೆ ಹೇಳಿ, ನಿಮ್ಮದನ್ನು ನಿಧಾನವಾಗಿ ಮಾಡಿಸಿ. ನಮ್ಮ ಮನೆಯಲ್ಲಿ ಉಳಿಸಲು ಹೋದದ್ದು ಒಂದು ದಿನದ ಬಾಡಿಗೆ.

ಮತ್ತೆ ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ನಾಲ್ಕು ಪ್ರಶ್ನೆ ಕೇಳಿ. ಸೀಟು ಶುಚಿಯಾಯಿತೇ? ಕಾಲರ್ ಎಷ್ಟು ಮೇಲಿದೆ, ನಾಲ್ಕೂ ಕಡೆ ಅಳೆದಿರಾ? ರಿಂಗ್ ಸಂದು ಎಷ್ಟು ಬಂತು? ರಾತ್ರಿ ನೀರು ತುಂಬಿ ಬಿಡೋಣವೇ? ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ನಮ್ಮೂರ ಮೆಕ್ಯಾನಿಕ್ ಎರಡನೇ ಸಲ ಬಂದಾಗ ಅಪ್ಪ ತಾವೇ ಚಾಪೆ ಹಾಸಿ ಕೂರಿಸಿ, "ಎಷ್ಟು ದಿನ ಬೇಕೋ ತಗೊಳಪ್ಪ" ಎಂದರು. ಅವರು ತೆಗೆದುಕೊಂಡದ್ದು ಮೊದಲು ಕೇಳಿದ್ದಕ್ಕಿಂತ ಒಂದೇ ಒಂದು ದಿನ ಹೆಚ್ಚು. ಆ ಗಾಡಿ ಇವತ್ತಿಗೂ ಬೆಳಿಗ್ಗೆ ಮೇವು ತರುತ್ತಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೀಟರ್ ಪಕ್ಕದಲ್ಲೇ ಆಯಿಲ್ ಮಟ್ಟವೂ ಬರೆದಿರುತ್ತದೆ.